ಪರೋಪಜೀವಿ ಎಂದದ್ದು ಯಾರಿಗೆ

ಮಾರ್ಚ್ 4, ಮಂಗಳವಾರ

ಅಕ್ಕಾ, ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಬೂದಿ ಕ್ಷೇಮವೇ? ಅರೆಕಿವಿಯ ಕಣ್ಣಲ್ಲಿ ನೀರು ಸೋರುವುದು ನಿಂತಿತೇ? ಬಾಣಂತಿ, ಅವಳ ನಾಲ್ಕು ಮರಿಗಳು, ಊಟದ ಹೊತ್ತಿಗೆ ಸರಿಯಾಗಿ ಹಾಜರಾಗಿ ಉಳಿದ ಹೊತ್ತು ಮುಖ ತೋರಿಸದ ಚಿಕ್ಕಪ್ಪ, ಎಲ್ಲ ಬೆಕ್ಕುಗಳೂ ಸೌಖ್ಯವೆಂದು ನಂಬಿದ್ದೇನೆ. ನಾನು ಇಲ್ಲಿ ಸೌಖ್ಯ. ಇಲ್ಲಿ ಅಂದರೆ ಅಡುಗೆಮನೆಯ ಗೋಡೆಯ ಈಚೆ. ನೀನು ಆಚೆ. ನಡುವೆ ಹತ್ತು ಹೆಜ್ಜೆ ಮತ್ತು ಎರಡು ದಿನದ ಮೌನ.

ಕಾಗದದ ಹಾಗೆ ಕಂಡರೂ ಇದು ಕಾಗದವಲ್ಲ. ನಮ್ಮ ಆಸ್ಪತ್ರೆಯ ಲ್ಯಾಬಿನ ಹಳೇ ರಿಜಿಸ್ಟರಿನಲ್ಲಿ ಉಳಿದ ಖಾಲಿ ಹಾಳೆಗಳಲ್ಲಿ ನನಗೆ ನಾನೇ ಬರೆದುಕೊಳ್ಳುತ್ತಿದ್ದೇನೆ. ಮಾತು ಬಿಟ್ಟವಳ ಜೊತೆ ಮನಸ್ಸಿನಲ್ಲೇ ಜಗಳವಾಡಿ ತಲೆ ಕಾದ ಬಾಣಲೆಯಾಗಿದೆ. ಬರೆದರೆ ಸ್ವಲ್ಪ ಆರಬಹುದು.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಆಮೇಲೆ ಯಾರೂ ತಿರುಚಬಾರದು. ಭಾನುವಾರ ಬೆಳಿಗ್ಗೆ ಚಹಾ ಕುಡಿಯುತ್ತಿದ್ದೆವು. ಬೂದಿ ಬಂದು ಸ್ಟವ್ ಕಟ್ಟೆಯ ಮೇಲೆ ಕೂತಳು. ಲ್ಯಾಬಿನಲ್ಲಿ ಡಾಕ್ಟರಮ್ಮ ಹೇಳಿದ್ದನ್ನು ನಿನಗೂ ತಿಳಿಸೋಣವೆಂದು ನಾನು ಅಂದೆ, "ಈ ಬೆಕ್ಕುಗಳನ್ನ ಅಡುಗೆಮನೆಗೆ ಬಿಡಬೇಡ. ಪರೋಪಜೀವಿ ಇರ್ತದೆ ಮನೇಲಿ." ‘ಮನೇಲಿ’ ಅಂದೆನೋ ‘ಮೈಯಲ್ಲಿ’ ಅಂದೆನೋ, ಬಾಯಲ್ಲಿ ಬಿಸ್ಕತ್ತಿತ್ತು.

ನೀನು ಲೋಟ ಕೆಳಗಿಟ್ಟೆ. "ಯಾರನ್ನ ಅಂದೆ?"

"ಬೆಕ್ಕಿನ ಹೊಟ್ಟೇಲಿ ಇರೋದನ್ನ."

"ನನಗೆ ಅಷ್ಟೂ ಗೊತ್ತಾಗಲ್ಲ ಅಂದ್ಕೊಂಡ್ಯಾ? ಒಂಬತ್ತು ವರ್ಷದಿಂದ ತಂಗಿ ಮನೇಲಿ ತಿಂದ್ಕೊಂಡು ಬಿದ್ದಿದ್ದೀನಿ ಅಂತ ನೇರವಾಗಿ ಹೇಳು. ವಿಜ್ಞಾನದ ಪದ ಯಾಕೆ ಹುಡುಕ್ತೀಯ?"

ಮಧ್ಯಾಹ್ನದೊಳಗೆ ದೊಡ್ಡಮ್ಮನ ಮಗಳಿಗೆ ಫೋನು ಹೋಗಿ ಆಯಿತು. ಮೂವತ್ತೊಂದನೇ ತಾರೀಖು ಹತ್ತೂವರೆ ಬಸ್ಸಿಗೆ ಹೊರಡುವುದಂತೆ. ಅವಳ ಮನೆಯಲ್ಲಿ ಬೆಕ್ಕು ಸೇರಿಸುವುದಿಲ್ಲವಂತೆ, ನೀನು ಅದಕ್ಕೂ ಒಪ್ಪಿದೆಯಂತೆ! ಗೋಡೆಯಾಚೆಯಿಂದ ನನಗೆ ಕೇಳಲಿ ಅಂತಲೇ ಗಟ್ಟಿಯಾಗಿ ಹೇಳಿದೆ.

ಕಣ್ಣಿಗೆ ಕಾಣದ ಒಂದು ಕ್ರಿಮಿಗೆ ಅಂದ ಮಾತನ್ನು ಎಪ್ಪತ್ತೊಂದು ವರ್ಷದ ಹೆಂಗಸು ಮೈಮೇಲೆ ಹಾಕಿಕೊಂಡರೆ ನಾನೇನು ಮಾಡಲಿ?

ಮಾರ್ಚ್ 5, ಬುಧವಾರ

ಇವತ್ತು ಹೊರಗೂ ತಲೆನೋವು. ಆ ಬೋರ್ಡಿನದು.

ಕಡಲ ಪ್ರಾಣಿಗಳ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷದಿಂದ ಗಾಜಿನ ಸ್ಲೈಡು ತೊಳೆಯುವವಳು ನಾನು. ಎಲ್ಲರೂ ಕರೆಯುವುದು ‘ಸ್ಲೈಡಮ್ಮ’ ಅಂತ. ಅಕ್ಷರ ದುಂಡಗಿದೆ ಎಂಬ ಒಂದೇ ತಪ್ಪಿಗೆ ಆಸ್ಪತ್ರೆಯ ಬೋರ್ಡುಗಳೆಲ್ಲ ನನ್ನ ತಲೆಗೆ. ಸಂದರ್ಶಕರ ಹಾಲಿಗೆ ಈಗ ಹೊಸದೊಂದು ಬೇಕಂತೆ: ‘ಸೂಕ್ಷ್ಮ ಪರೋಪಜೀವಿ ಮತ್ತು ಕಡಲ ನೀರುನಾಯಿ: ಒಂದು ಹೋಲಿಕೆ’. ಎಡಕ್ಕೆ ಕ್ರಿಮಿ, ಬಲಕ್ಕೆ ನೀರುನಾಯಿ. ಗಾತ್ರ, ಸಂಖ್ಯೆ, ಆಹಾರ, ಶತ್ರು, ಹೀಗೆ ಸಾಲುಸಾಲಾಗಿ. ಶೀರ್ಷಿಕೆ ಮುಖ್ಯಸ್ಥರದೇ. ನಮ್ಮ ಮನೆಯಲ್ಲಿ ಬೆಂಕಿ ಹಚ್ಚಿದ ಪದವನ್ನೇ ಆರಿಸಿ ಇಟ್ಟಿದ್ದಾರೆ ಮಹಾರಾಯರು.

"ಎರಡು ಚಿತ್ರಾನೂ ಒಂದೇ ಅಳತೇಲಿರಬೇಕು ಸ್ಲೈಡಮ್ಮ. ಜನಕ್ಕೆ ನಿಜವಾದ ವ್ಯತ್ಯಾಸ ಗೊತ್ತಾಗಬೇಕು," ಅಂದರು.

ಲೆಕ್ಕ ಹಾಕಿದೆ. ಕ್ರಿಮಿಯ ತತ್ತಿ ಮಿಲಿಮೀಟರಿನ ನೂರನೇ ಒಂದು ಪಾಲು. ಅದನ್ನು ಬಟಾಣಿಕಾಳಿನಷ್ಟು ಬರೆದರೂ ಐನೂರು ಪಟ್ಟು ಆಯಿತು. ನೀರುನಾಯಿ ನಾಲ್ಕಡಿ ಇರುವುದು, ಅದನ್ನೂ ಐನೂರು ಪಟ್ಟು ಮಾಡಿದರೆ ಆರುನೂರು ಮೀಟರು. ಮುಖ್ಯಸ್ಥರು ನಂಬಲಿಕ್ಕಿಲ್ಲವೆಂದು ಊಟದ ಬಿಡುವಿನಲ್ಲಿ ಹಾಲಿನ ಬಾಗಿಲಿಂದ ಹೆಜ್ಜೆ ಎಣಿಸುತ್ತ ನಡೆದು ನೋಡಿ ಬಂದೆ.

"ಸರ್, ಬಟಾಣಿ ಹಾಲಿನ ಗೋಡೆ ಮೇಲಿರ್ತದೆ, ನೀರುನಾಯಿ ಮೂತಿ ಗೇಟಲ್ಲಿ, ಬಾಲ ಬಸ್ ಡಿಪೋದಲ್ಲಿ. ಡಿಪೋದವರನ್ನ ಒಂದು ಮಾತು ಕೇಳ್ತೀರಾ?"

"ಅಯ್ಯೋ, ಸ್ವಲ್ಪ ಅಡ್ಜಸ್ಟ್ ಮಾಡಿ."

ಅಡ್ಜಸ್ಟ್ ಮಾಡಬೇಕಂತೆ. ಹೊರಗೂ ಅದೇ, ಮನೆಯಲ್ಲೂ ಅದೇ. ಈ ಬೋರ್ಡಿನ ಹಲಗೆ ಮನೆಗೆ ತಂದರೆ ಇಡಲು ಜಾಗವಿಲ್ಲ. ನಡುಮನೆಯ ನೆಲದ ಮೇಲೆ ಹರಡಿ, ಮಂಡಿಯೂರಿ ಬರೆಯಬೇಕು. ಸೊಂಟ ಹಿಡಿದಿದೆ. ಯಾರಿಗೆ ಹೇಳಲಿ.

ಮಾರ್ಚ್ 8, ಶನಿವಾರ

ನೀನು ಈಗ ಬೆಕ್ಕಿನ ಮೂಲಕ ಮಾತಾಡಲು ಶುರುಮಾಡಿದ್ದೀಯ.

"ಬೂದಿ, ಅವಳಿಗೆ ಹೇಳು, ಹಾಲು ಉಕ್ತಾ ಇದೆ."

"ಅರೆಕಿವಿ, ಕೊಡೆ ಬಿಟ್ಟುಹೋಗ್ತಿದ್ದಾಳೆ ನೋಡು."

"ಚಿಕ್ಕಪ್ಪಾ, ದೊಡ್ಡ ಓದಿನೋರಿಗೆ ಎರಡೂ ಕಾಲಿಗೆ ಬೇರೆಬೇರೆ ಚಪ್ಪಲಿ ನಡೀತದೇನೋ, ಕೇಳು."

ನೋಡಿಕೊಂಡರೆ ಬೇರೆಬೇರೆಯೇ ಹಾಕಿದ್ದೆ. ಸಿಟ್ಟಿನಲ್ಲಿ ಹಾಗೆಯೇ ಹೋದೆ. ಇಡೀ ದಿನ ಎಡಗಾಲು ಎತ್ತರ, ಬಲಗಾಲು ತಗ್ಗು.

ಮಾರ್ಚ್ 11, ಮಂಗಳವಾರ

ನಿನ್ನೆ ಸಂಜೆ ಮೀನುಗಾರರು ಒಂದು ಹೆಣ್ಣು ನೀರುನಾಯಿಯನ್ನು ತಂದರು. ಎದೆಯ ಮೇಲೆ ಮರಿ. ಮರಿಗೆ ಆರು ವಾರವಿರಬಹುದಂತೆ. ತಾಯಿಯ ಕೈಕಾಲು ನಡುಗುತ್ತಿತ್ತು, ಚಳಿಗೆ ನಡುಗುವ ಹಾಗಲ್ಲ, ಯಾರೋ ಒಳಗಿನಿಂದ ದಾರ ಎಳೆದ ಹಾಗೆ. ಅಷ್ಟು ನಡುಗುತ್ತಿದ್ದರೂ ಮರಿಯ ಮೇಲಿನ ಹಿಡಿತ ಬಿಟ್ಟಿರಲಿಲ್ಲ. ಇಬ್ಬರು ಗಂಡಾಳುಗಳು ಸೇರಿ ಬಿಡಿಸಬೇಕಾಯಿತು.

ಡಾಕ್ಟರಮ್ಮ ರಕ್ತದ ಸ್ಲೈಡು ನನ್ನ ಕೈಗಿಟ್ಟರು. ಮುಖ ನೋಡಿದರೆ ಗೊತ್ತಾಗುತ್ತಿತ್ತು. ಕ್ರಿಮಿ ಮಿದುಳಿಗೆ ಏರಿದೆ.

"ನೀರಲ್ಲಿರೋ ಪ್ರಾಣಿಗೆ ಬೆಕ್ಕಿನ ಕ್ರಿಮಿ ಹೆಂಗೆ ಬರ್ತದಮ್ಮ?" ಅಂದೆ. ಹತ್ತು ಸಲ ಕೇಳಿಸಿಕೊಂಡಿದ್ದರೂ ಮತ್ತೆ ಕೇಳಿದೆ.

"ಬೆಕ್ಕು ಇಲಿ ತಿಂತದೆ, ಅಲ್ಲಿಂದ ಅದರ ಹೊಟ್ಟೆಗೆ. ಅದರ ಮಲದಲ್ಲಿ ತತ್ತಿ, ಒಂದೆರಡು ವಾರಕ್ಕೆ ಲಕ್ಷಗಟ್ಟಲೆ. ಮಳೆ ಬಂದ್ರೆ ಚರಂಡಿ, ಚರಂಡಿಯಿಂದ ಕಡಲು. ಕಡಲಲ್ಲಿ ಚಿಪ್ಪುಮೀನು ನೀರು ಸೋಸಿ ಸೋಸಿ ತತ್ತೀನ ಕೂಡಿಹಾಕ್ತದೆ. ಚಿಪ್ಪು ಒಡೆದು ತಿನ್ನೋದು ಇವು."

ಬಲೆ ಹೊತ್ತು ತಂದಿದ್ದ ಮುದುಕ ಮೀನುಗಾರ ಇನ್ನೂ ಅಲ್ಲೇ ನಿಂತಿದ್ದ. "ನಾಯಿ ಬೆಕ್ಕನ್ನ ಅಟ್ಟಿಸ್ಕೊಂಡು ಹೋಗೋದು ನೋಡಿದ್ದೆ. ಬೆಕ್ಕು ನಾಯೀನ ಕೊಲ್ಲೋದು ಇವತ್ತು ಕೇಳ್ದೆ," ಅಂದ. ಯಾರೂ ನಗಲಿಲ್ಲ. ಅವನೂ ನಗಲಿಲ್ಲ.

ನಮ್ಮ ಹಿಂದಿನ ಗಲ್ಲಿಯ ಚರಂಡಿ ಎಲ್ಲಿಗೆ ಹೋಗುತ್ತದೆ ಗೊತ್ತೇ ನಿನಗೆ? ನನಗೆ ಗೊತ್ತು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತರೆ ಅದರ ಬಾಯಿ ಕಾಣುತ್ತದೆ. ಇದನ್ನೇ ಅಲ್ಲವೇ ಆವತ್ತು ನಾನು ಹೇಳಲು ಹೊರಟದ್ದು? ಕೇಳುವ ತಾಳ್ಮೆ ಇದ್ದರೆ ತಾನೆ.

ಮಾರ್ಚ್ 12, ಬುಧವಾರ

ತಾಯಿ ಹೋಯಿತು, ಬೆಳಿಗ್ಗೆ ಹನ್ನೊಂದಕ್ಕೆ. ಮರಿ ಬದುಕಿದೆ.

ಸ್ಲೈಡು ತೊಳೆದೆ. ನಲವತ್ತೆರಡು.

ಮಾರ್ಚ್ 17, ಸೋಮವಾರ

ನಾಳೆ ಮಳೆಯಂತೆ, ರೇಡಿಯೋದಲ್ಲಿ ಹೇಳಿದರು. ಬೆಳಿಗ್ಗೆ ಕೈಗವಸು ಹಾಕಿಕೊಂಡು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹಳೇ ಮೊರ ಹಿಡಿದು ಗಲ್ಲಿಗೆ ಇಳಿದೆ. ನಿನ್ನ ಪರಿವಾರದವರು ಬಿಟ್ಟದ್ದನ್ನೆಲ್ಲ ಬಾಚಿ, ಚೀಲದಲ್ಲಿ ಗಂಟು ಹಾಕಿ ಕಸದ ಡಬ್ಬಿಗೆ ಹಾಕಿದೆ. ನಿನ್ನ ಮೇಲಿನ ಪ್ರೀತಿಗಲ್ಲ. ಮಳೆ ಬರುತ್ತದೆ ಅಂತ ಅಷ್ಟೇ. ನೀನು ಕಿಟಕಿಯಿಂದ ನೋಡುತ್ತಿದ್ದದ್ದು ನನಗೆ ಗೊತ್ತು.

ಹೊಲಸು ಹುಡುಕಿ ಹುಡುಕಿ ಬಗ್ಗುವುದರಲ್ಲಿ ಸೊಂಟ ಕಿತ್ತುಹೋಯಿತು. ಒಂದು ಅಲ್ಲಿ, ಒಂದು ಇಲ್ಲಿ, ಪೈಪಿನ ಹಿಂದೆ ಒಂದು. ಮೇಲಿಂದ ದನಿ ಬಂತು.

"ಬಾಣಂತೀ, ಇವಳಿಗೆ ಹೇಳು. ಹಳೇ ಪ್ಲಾಸ್ಟಿಕ್ ಟಬ್ಬಲ್ಲಿ ಮರಳು ತುಂಬಿ ಮೂಲೇಲಿಟ್ರೆ ಎಲ್ಲಾ ಅಲ್ಲೇ ಹೋಗ್ತೀರಿ ನೀವು. ಆಮೇಲೆ ಎತ್ತೋದು ಎರಡು ನಿಮಿಷದ ಕೆಲಸ. ಮೂವತ್ತು ವರ್ಷ ಆಸ್ಪತ್ರೇಲಿದ್ದು ಇಷ್ಟೂ ತಿಳೀಲಿಲ್ವಾ ಅಂತ ಕೇಳು."

"ಬಾಣಂತೀ," ನಾನೂ ಬಿಡಲಿಲ್ಲ, "ಅಷ್ಟು ಗೊತ್ತಿದ್ದೋರು ಇಷ್ಟು ವರ್ಷ ಯಾಕೆ ಇಡಲಿಲ್ಲ ಅಂತ ನೀನೂ ಕೇಳು."

ಕಿಟಕಿಯ ಒಂದು ಬಾಗಿಲು ಮುಚ್ಚಿತು. ಆಮೇಲೆ, "ಯಾರು ಕೇಳಿದ್ರು ನನ್ನ?"

ಸಂಜೆ ಟಬ್ಬು ತಂದೆ.

ಮಾರ್ಚ್ 18, ಮಂಗಳವಾರ

ಹೇಳಿದಂತೆ ಮಳೆ ಬಂತು, ಬಿಡದೆ ಆರು ಗಂಟೆ. ಮರಳಿನ ಟಬ್ಬಿನ ಮೇಲೆ ಯಾರೋ ಹಳೇ ಮೇಜಿನ ಹಲಗೆ ಓರೆಯಾಗಿ ನಿಲ್ಲಿಸಿ ಮರೆ ಮಾಡಿದ್ದರು. ಯಾರೆಂದು ಕೇಳಲಿಲ್ಲ. ಬಾಣಂತಿ ಮರಿಗಳ ಸಮೇತ ಅದರಡಿ ಕೂತಿದ್ದಳು. ಬಿಳಿ ಮರಿಗೆ ಎಡಗಾಲಿನ ಮೇಲೆ ಕಾಲ್ಚೀಲ ಹಾಕಿದ ಹಾಗೆ ಕಪ್ಪು ಇದೆ, ನಾನು ನೋಡಿರಲೇ ಇಲ್ಲ.

ಮಾರ್ಚ್ 21, ಶುಕ್ರವಾರ

ಹೋಲಿಕೆಯ ಬೋರ್ಡಿನಲ್ಲಿ ಆರು ಸಾಲು ಮುಗಿಯಿತು. ಸಂಖ್ಯೆ: ಎಡಕ್ಕೆ ‘ಎಣಿಸಲಾಗದು’, ಬಲಕ್ಕೆ ‘ಒಂದೊಂದನ್ನೂ ಎಣಿಸುತ್ತಿದ್ದಾರೆ’. ರಕ್ಷಣೆ: ಎಡಕ್ಕೆ ‘ವರ್ಷಗಟ್ಟಲೆ ಒಡೆಯದ ಗಟ್ಟಿ ತತ್ತಿ’, ಬಲಕ್ಕೆ ‘ದಟ್ಟ ತುಪ್ಪಳ, ಅಷ್ಟೇ. ಕೊಬ್ಬಿಲ್ಲ’. ಅಲ್ಲಿಯವರೆಗೆ ಸಲೀಸಾಗಿ ಬಂತು.

ಏಳನೇ ಸಾಲು: ‘ಯಾರನ್ನು ಅವಲಂಬಿಸಿ ಬದುಕುತ್ತದೆ’. ಎಡಕ್ಕೆ ಬೆಕ್ಕು, ಇಲಿ, ಸಿಕ್ಕವರೆಲ್ಲ. ಬಲಕ್ಕೆ?

"ಅಲ್ಲಿ ಅಡ್ಡಗೆರೆ ಎಳೆದುಬಿಡಿ," ಅಂದರು ಮುಖ್ಯಸ್ಥರು. "ನೀರುನಾಯಿ ಸ್ವತಂತ್ರ ಜೀವಿ."

"ಚಿಪ್ಪುಮೀನು ತಿಂತದಲ್ಲ ಸರ್."

"ಅದು ಆಹಾರ, ಅವಲಂಬನೆ ಅಲ್ಲ."

"ಮರಿ ಆರು ತಿಂಗಳು ತಾಯಿ ಎದೆ ಮೇಲೇ ಇರ್ತದೆ. ನೀರಲ್ಲಿ ಮುಳುಗೋಕೂ ಬರಲ್ಲ. ತಾಯಿ ಚಿಪ್ಪು ಒಡೆದು ಬಾಯಿಗಿಟ್ರೆ ಉಂಟು, ಇಲ್ಲಾಂದ್ರೆ ಇಲ್ಲ. ಅದಕ್ಕೇನಂತಾರೆ ಸರ್?"

"ಅದಕ್ಕೆ ಬಾಲ್ಯ ಅಂತಾರೆ ಸ್ಲೈಡಮ್ಮ. ಗೆರೆ ಎಳೀರಿ."

ಗೆರೆ ಎಳೆಯಲಿಲ್ಲ, ಖಾಲಿ ಬಿಟ್ಟೆ. ಎಲ್ಲಕ್ಕೂ ಅವರ ಹತ್ತಿರ ಒಂದು ಪದ ಇರುತ್ತದೆ.

ನನಗೆ ಮೂರು ವರ್ಷವಾಗಿದ್ದಾಗ ಅಮ್ಮ ಹೋದಳು. ನಿನಗೆ ಹನ್ನೊಂದು. ನಾಲ್ಕನೇ ಕ್ಲಾಸಿಗೆ ನೀನು ಸ್ಲೇಟು ಗೂಡಿನಲ್ಲಿಟ್ಟು ನನ್ನನ್ನು ಸೊಂಟಕ್ಕೆ ಏರಿಸಿಕೊಂಡದ್ದು. ಹತ್ತನೇ ಕ್ಲಾಸಿನವರೆಗೂ ನನ್ನ ಜಡೆ ಹಾಕಿದ್ದು, ಊಟದ ಡಬ್ಬಿ ಕಟ್ಟಿದ್ದು, ಕೆಲಸ ಸಿಕ್ಕಿದ ದಿನ ಸೀರೆಯ ನೆರಿಗೆ ಹಿಡಿದದ್ದು ನೀನು. ಅದೆಲ್ಲ ಇಲ್ಲವೆಂದು ನಾನು ಯಾವತ್ತೂ ಹೇಳಿಲ್ಲ. ಅದು ಬೇರೆ, ಇದು ಬೇರೆ. ಯಾಕೆ ಬರೆದೆನೋ ಇಲ್ಲಿ.

ಮಾರ್ಚ್ 25, ಮಂಗಳವಾರ

ಮರ್ಯಾದೆ ಹೋಯಿತು.

ಶೀರ್ಷಿಕೆಯನ್ನು ಕಡೆಗೆ ಬರೆಯೋಣವೆಂದು ಉಳಿಸಿಕೊಂಡಿದ್ದೆ. ಒಂದೊಂದು ಅಕ್ಷರ ಅಂಗೈಯಗಲ. ಬೆಳಿಗ್ಗೆ ಒಂದೇ ಉಸಿರಿಗೆ ಬರೆದು ಬಣ್ಣ ಆರಲೆಂದು ಹಾಲಿನಲ್ಲಿ ನಿಲ್ಲಿಸಿ ಚಹಾಕ್ಕೆ ಹೋದೆ. ಬಂದು ನೋಡಿದರೆ ಹಾಲಿನ ತುಂಬ ಜನ. ಕಸ ಗುಡಿಸುವವಳು, ನೀರಿನ ಪಂಪಿನವನು, ಡಾಕ್ಟರಮ್ಮ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ.

ಮುಖ್ಯಸ್ಥರು ಮಾತ್ರ ನಗುತ್ತಿರಲಿಲ್ಲ. "ಸ್ಲೈಡಮ್ಮ, ಏನಿದು? ‘ಸೂಕ್ಷ್ಮ ಪರೋಪಕಾರಿ’ ಅಂತ ಬರೆದಿದ್ದೀರಲ್ಲ! ಮಿದುಳು ತಿನ್ನೋ ಕ್ರಿಮಿ ಪರೋಪಕಾರಿಯಾ?"

ಮೂವತ್ತೊಂದು ವರ್ಷದಲ್ಲಿ ಒಂದು ದೀರ್ಘ ತಪ್ಪಿದವಳಲ್ಲ ನಾನು. ಎಲ್ಲರ ಕಾಗುಣಿತ ತಿದ್ದುವವಳು. ನೀನು ಬರೆದ ಸಾಮಾನಿನ ಚೀಟಿಯನ್ನೂ ಬಿಡದೆ ಕೆಂಪು ಶಾಯಿ ಹಾಕಿದವಳು. ಕೈ ತಾನಾಗಿ ಬೇರೆ ಪದ ಬರೆದರೆ ಯಾರನ್ನು ಬೈಯಲಿ?

"ಬಿಡಿ ಸರ್," ಅಂದರು ಡಾಕ್ಟರಮ್ಮ, ಕಣ್ಣೊರೆಸಿಕೊಂಡು. "ಆ ಪದ ಜನಕ್ಕೆ ಅರ್ಥಾನೂ ಆಗಲ್ಲ, ಕೇಳೋಕೂ ಬೈಗುಳದ ಹಾಗಿದೆ. ‘ಬೆಕ್ಕಿನಿಂದ ಬರುವ ಕ್ರಿಮಿ’ ಅಂತ ಸೀದಾ ಬರೀಲಿ."

ಅರಿಶಿನ ಬಣ್ಣದ ಮೇಲೆ ಬಿಳಿ ಬಳಿದು ಒಣಗಲು ಬಿಟ್ಟಿದ್ದೇನೆ. ಎಷ್ಟು ಬಳಿದರೂ ಕೆಳಗಿನ ಅಕ್ಷರ ಇನ್ನೂ ತೆಳ್ಳಗೆ ಕಾಣುತ್ತದೆ.

ಮನೆಗೆ ಬಂದರೆ ನಿನ್ನ ಮಂಚದ ಕೆಳಗಿದ್ದ ಟ್ರಂಕು ಹೊರಗೆ ಬಂದಿದೆ. ತೀರಿಕೊಂಡ ಭಾವನ ಫೋಟೋ ಗೋಡೆಯಿಂದ ಇಳಿದು ಟವೆಲಿನಲ್ಲಿ ಸುತ್ತಿಕೊಂಡಿದೆ. ಗೋಡೆಯ ಮೇಲೆ ಫೋಟೋದ ಜಾಗ ಚೌಕವಾಗಿ ಬೆಳ್ಳಗೆ ಉಳಿದಿದೆ. ಇವತ್ತಿಗೆ ಇಷ್ಟು ಸಾಕು.

ಮಾರ್ಚ್ 27, ಗುರುವಾರ

ಮರಿಯನ್ನು ಮುದಿ ಹೆಣ್ಣು ನೀರುನಾಯಿಯ ತೊಟ್ಟಿಗೆ ಬಿಟ್ಟರು. ಈ ಮುದುಕಿ ಹಲ್ಲು ಸವೆದು ಕಡಲಿಗೆ ವಾಪಸು ಹೋಗಲಾರದೆ ಎಂಟು ವರ್ಷದಿಂದ ಆಸ್ಪತ್ರೆಯಲ್ಲೇ ಇರುವುದು. ಮೊದಲು ಮೂಸಿ ನೋಡಿತು, ಆಚೆ ತಳ್ಳಿತು, ಮತ್ತೆ ಹತ್ತಿರ ಬಂದು ಮೂಸಿತು. ನಾವೆಲ್ಲ ಗಾಜಿನಾಚೆ ಉಸಿರು ಹಿಡಿದು ನಿಂತಿದ್ದೆವು. ಕಡೆಗೆ ಮಗ್ಗುಲು ಹೊರಳಿ, ಬೆನ್ನ ಮೇಲೆ ತೇಲಿ, ಮರಿಯನ್ನು ಎದೆಯ ಮೇಲಕ್ಕೆ ಎಳೆದುಕೊಂಡಿತು. ನೆಕ್ಕಿದ್ದೇ ನೆಕ್ಕಿದ್ದು.

"ಇಷ್ಟು ದಿನ ದಂಡಕ್ಕೆ ತಿಂತಿದೆ ಅಂತಿದ್ರಲ್ಲ ಸರ್," ಅಂದ ಪಂಪಿನವನು ಮುಖ್ಯಸ್ಥರಿಗೆ. ಅವರು ಕೇಳಿಸದ ಹಾಗೆ ಹೋದರು.

ಏಳನೇ ಸಾಲಿನ ಬಲಕ್ಕೆ ಬರೆದುಬಿಟ್ಟೆ, ಯಾರನ್ನೂ ಕೇಳದೆ: ‘ಮೊದಲು ತಾಯಿಯನ್ನು. ತಾಯಿಯಿಲ್ಲದಿದ್ದರೆ ಸಾಕಿದವಳನ್ನು.’ ಮುಖ್ಯಸ್ಥರು ಕನ್ನಡಕ ಏರಿಸಿ ಎರಡು ಸಲ ಓದಿದರು. "ಇದು ವೈಜ್ಞಾನಿಕವಾ?" ಅಂದರು. "ತೊಟ್ಟೀಲಿ ನೋಡಿ ಸರ್," ಅಂದೆ. ಬೋರ್ಡು ಗೋಡೆಗೇರಿತು. ಬಾಲ ಡಿಪೋಗೆ ಹೋಗಲಿಲ್ಲ. ಆಜುಬಾಜಿನಲ್ಲಿ ಎರಡೂ ಒಂದೇ ಗಾತ್ರಕ್ಕಿವೆ, ಕೆಳಗೆ ಸಣ್ಣ ಅಕ್ಷರದಲ್ಲಿ ‘ಅಳತೆಗೆ ಅನುಸಾರವಾಗಿಲ್ಲ’.

ನಿನಗೆ ಹೇಳಬೇಕೆಂದು ಓಡಿಬಂದೆ. ಬಾಗಿಲು ತೆಗೆದ ಮೇಲೆ ನೆನಪಾಯಿತು, ನಾವು ಮಾತಾಡುವುದಿಲ್ಲ. ಕಡೆಗೆ ಅರೆಕಿವಿಗೆ ಹೇಳಿದೆ, ಮುದುಕಿಯದು, ಮರಿಯದು, ಎಲ್ಲಾ. ಸ್ವಲ್ಪ ಗಟ್ಟಿಯಾಗಿಯೇ. ಒಳಗೆ ಪಾತ್ರೆಯ ಸದ್ದು ನಿಂತಿತ್ತು.

ಮಾರ್ಚ್ 30, ಭಾನುವಾರ

ಬೆಳಿಗ್ಗೆ ನೀನು ಗಲ್ಲಿಯಲ್ಲಿ ಕೂತು ಬೆಕ್ಕುಗಳಿಗೆಲ್ಲ ಒಂದೊಂದಾಗಿ ಹೇಳುತ್ತಿದ್ದೆ. ನಾನು ಟಬ್ಬಿನ ಮರಳು ಬದಲಿಸುತ್ತಿದ್ದೆ, ಮೂರು ಮೊಳ ದೂರದಲ್ಲಿ.

"ಬೂದೀ, ಇವಳನ್ನ ಆರು ಗಂಟೆಗೆ ಎಬ್ಬಿಸು, ತಾನಾಗಿ ಏಳೋಳಲ್ಲ. ಬಾಣಂತೀ, ಬಿಪಿ ಮಾತ್ರೆ ಫ್ರಿಜ್ ಮೇಲಿದೆ, ನುಂಗಿದ್ಲಾ ನೋಡು. ಚಿಕ್ಕಪ್ಪಾ, ಇನ್ಮೇಲೆ ಊಟಕ್ಕೆ ಅಂತ ಬಂದು ಓಡಬೇಡ, ಸ್ವಲ್ಪ ಹೊತ್ತು ಕೂತ್ಕೊಂಡು ಹೋಗು. ಒಬ್ಬಳೇ ಊಟ ಮಾಡೋಳಲ್ಲ ಇವಳು, ಸಣ್ಣವಳಿದ್ದಾಗ್ಲಿಂದ."

ಟಬ್ಬು ಅಲ್ಲೇ ಬಿಟ್ಟು ಮೇಲೆ ಬಂದೆ. ಕೈತೊಳೆದು, ಈ ರಿಜಿಸ್ಟರನ್ನು ಮೊದಲಿಂದ ಓದಿದೆ. ಪುಟಪುಟಕ್ಕೂ ನಾನೇ ಸರಿ. ಓದುತ್ತ ಓದುತ್ತ ನನಗೇ ರೇಜಿಗೆಯಾಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆಂದು ಮೊದಲ ದಿನವೇ ಕೊಚ್ಚಿಕೊಂಡವಳು ಒಂದನ್ನು ಬರೆಯದೆ ಬಿಟ್ಟಿದ್ದೇನೆ.

ಆ ಭಾನುವಾರ ಚಹಾಕ್ಕೆ ಮೊದಲು, ನೀನು ಗಲ್ಲಿಗೆ ಇಳಿದಿದ್ದಾಗ, ನಾನು ಟೇಪು ಹಿಡಿದು ನಿನ್ನ ಕೋಣೆಗೆ ಹೋಗಿದ್ದೆ. ಕಿಟಕಿಯ ಬೆಳಕಿರುವ ಕೋಣೆ. ಮಂಚ ಅಳೆದೆ. ಮಂಚ ಇಲ್ಲದಿದ್ದರೆ ಬರೆಯುವ ಮೇಜು ಸರಿಯಾಗಿ ಹಿಡಿಯುತ್ತದೆ ಅಂದುಕೊಂಡೆ. ಆಮೇಲೆ ನೀನು ಮೇಲೆ ಬಂದೆ, ಚಹಾ ಮಾಡಿ ಕೊಟ್ಟೆ, ನಾನು ಆ ಮಾತು ಅಂದೆ. ಬೂದಿ ಕಟ್ಟೆಯ ಮೇಲೆ ಕೂತಿದ್ದಳು. ನನ್ನ ಕಣ್ಣು ಬೂದಿಯ ಮೇಲಿರಲಿಲ್ಲ.

ಅಷ್ಟೇ ಅಕ್ಕಾ. ನಿನ್ನ ಕಿವಿ ಕೇಳಿಸಿಕೊಂಡದ್ದು ತಪ್ಪಲ್ಲ.

ಈ ರಿಜಿಸ್ಟರು ನಿನಗೆ ಕೊಟ್ಟು ಉಪಯೋಗವಿಲ್ಲ. ನಾಲ್ಕನೇ ಕ್ಲಾಸಿಗೆ ನಿಂತ ಓದು, ಮೇಲೆ ಕಣ್ಣಿನ ಪೊರೆ. ನನ್ನ ಈ ಇರುವೆಸಾಲು ನಿನಗೆ ಹತ್ತುವುದಿಲ್ಲ. ಬೋರ್ಡಿಗೆ ತಂದ ದಪ್ಪ ಕಾಗದ ಒಂದು ಹಾಳೆ ಉಳಿದಿತ್ತು. ನೆಲದ ಮೇಲೆ ಹರಡಿಕೊಂಡು, ಅಂಗೈಯಗಲದ ಅಕ್ಷರದಲ್ಲಿ ಬರೆದಿದ್ದೇನೆ. ಅಷ್ಟು ದೊಡ್ಡಕ್ಕೆ ಬರೆದರೆ ಸಬೂಬು ಹೇಳಲು ಜಾಗವೇ ಇರುವುದಿಲ್ಲ. ಸಂಜೆ ನೀನು ಹಾಲು ತರಲು ಹೋದಾಗ ನಿನ್ನ ಕೋಣೆಯಲ್ಲಿ, ಟ್ರಂಕಿನ ಮೇಲೆ ಹಾಸಿ ಬರುತ್ತೇನೆ. ಮರೆಯದಂತೆ ಇಲ್ಲಿ ನಕಲು ಮಾಡಿಕೊಳ್ಳುತ್ತೇನೆ:

ಅಕ್ಕಾ,
ನಿನ್ನನ್ನೇ ಅಂದದ್ದು.
ತಪ್ಪಾಯಿತು.
ನಿನ್ನಿಂದಲೇ ನಾನು ಬದುಕಿದ್ದು.
ಬ್ರಶ್ಶು, ಬಣ್ಣ ಪಕ್ಕದಲ್ಲಿಟ್ಟಿದ್ದೇನೆ. ಬೆಕ್ಕಿನ ಬಾಯಲ್ಲಿ ಹೇಳಿಕಳಿಸಬೇಡ.
ಹತ್ತೂವರೆ ಬಸ್ಸಿಗೆ ಮುಂಚೆ ಇದರ ಹಿಂದೆಯೇ ಒಂದು ಸಾಲು ಬರಿ.
ಕಾಗುಣಿತ ಹೇಗಿದ್ದರೂ ತಿದ್ದುವುದಿಲ್ಲ. ಬೇಗ ಬರಿ.